‘ಆಗಿದ್ದರೆ’ ಎನ್ನದ ಸಾಹುಕಾರರು

ಸಿಟ್ಟು ಬರುವ ಮೊದಲು ಸಾಹುಕಾರರ ಎಡಗಿವಿ ಕೆಂಪಾಗುತ್ತಿತ್ತು. ಬಲಗಿವಿ ತನ್ನ ಬಣ್ಣದಲ್ಲೇ ಇರುತ್ತಿತ್ತು. ಎಡಗಿವಿಯ ತುದಿ ಮಾತ್ರ ಹಣ್ಣು ಮೆಣಸಿನಕಾಯಿಯಂತಾಗಿ, ಆ ಕೆಂಪು ಕುತ್ತಿಗೆಯ ನರದ ತನಕ ಇಳಿಯಿತೆಂದರೆ ಸುತ್ತ ಕುಳಿತವರು ಏನೋ ನೆಪ ತೆಗೆದು ಎದ್ದು ಹೋಗುತ್ತಿದ್ದರು. ಹದಿನಾಲ್ಕು ವರ್ಷ ಅವರ ಎಡಗಡೆಗೇ ನಿಂತು ಕೆಲಸ ಮಾಡಿದವನು ನಾನು. ಆ ಕಿವಿಯನ್ನು ನನ್ನಷ್ಟು ಓದಿದವರು ಇನ್ನೊಬ್ಬರಿಲ್ಲ.

ನನ್ನೂರು ದೊಡವಾಡ. ಬೈಲಹೊಂಗಲದಲ್ಲಿ ಡಿಗ್ರಿ ಮುಗಿಸಿ, ಪತ್ರಿಕೆಗಳಿಗೆ ಸಣ್ಣಪುಟ್ಟ ಸುದ್ದಿ ಬರೆದುಕೊಂಡಿದ್ದವನನ್ನು ಅವರು ರಾಮದುರ್ಗಕ್ಕೆ ಕರೆಸಿ ತಮ್ಮ ಬಳಿ ಇಟ್ಟುಕೊಂಡರು. ಜಿಲ್ಲಾ ಪಂಚಾಯತಿ ಸದಸ್ಯರಾಗಿದ್ದರು. ಮುಂದಿನ ಸಲ ವಿಧಾನಸಭೆಗೆ ಪಕ್ಷದ ಟಿಕೆಟ್ ಅವರಿಗೇ ಎಂದು ಎಲ್ಲರೂ ಮಾತಾಡುತ್ತಿದ್ದ ಕಾಲ. ಭಾಷಣ ಬರೆಯುವುದು, ಪತ್ರಿಕಾ ಹೇಳಿಕೆ ಕೊಡುವುದು, ಮೊಬೈಲು ಬಂದ ಮೇಲೆ ವಿಡಿಯೋ ಮಾಡಿ ಗುಂಪುಗಳಿಗೆ ಕಳಿಸುವುದು ನನ್ನ ಕೆಲಸ.

ಮಲಪ್ರಭೆಯ ದಂಡೆಯ ಕಬ್ಬಿನ ಹೊಲ, ಹಣೆಯ ತುಂಬ ವಿಭೂತಿ, ಬಸಿಯಲ್ಲಿ ಸುರುವಿಕೊಂಡು ಸಪ್ಪಳ ಮಾಡುತ್ತ ಕುಡಿಯುವ ಚಹ. ಒಮ್ಮೆ ನೋಡಿದವರ ಹೆಸರನ್ನು ಹತ್ತು ವರ್ಷವಾದರೂ ಮರೆಯುತ್ತಿರಲಿಲ್ಲ. ಯಾರಾದರೂ ಸಿಟ್ಟಿನ ಮಾತೆತ್ತಿದರೆ ತಾವೇ ನಗುತ್ತಿದ್ದರು: “ನಮ್ಮಪ್ಪನ ಹೊಲಾ ನಾಕ ಮಂದಿ ಅಣ್ಣತಮ್ಮರು ಹಂಚಗೊಂಡ್ವಿ. ಸಿಟ್ಟು ಮಾತ್ರ ನನಗೊಬ್ಬಗ ಬಂತು ನೋಡ್ರಿ, ಪಾಲುದಾರರ ಇಲ್ಲ.”

ಬೈಯುವುದು ಹೇಗೋ ಹಾಗೆ ಬೈದ ಮೇಲೆ ಸಮಾಧಾನ ಮಾಡುವುದಕ್ಕೂ ಅವರದೇ ರೀತಿಯಿತ್ತು. ಬೆಳಿಗ್ಗೆ ಯಾರಿಗೆ ಬೈದರೋ ಸಂಜೆಯೊಳಗೆ ಅವರ ಮನೆಗೆ ಒಂದು ಡಬ್ಬಿ ಕರದಂಟು ಹೋಗುತ್ತಿತ್ತು. ಎಂಜಿನಿಯರರು, ಗುತ್ತಿಗೆದಾರರು, ಗ್ರಾಮಸೇವಕರು, ಎಲ್ಲರೂ ತಿಂದವರೇ. ನಾನಂತೂ ಹದಿನಾಲ್ಕು ವರ್ಷದಲ್ಲಿ ಎಷ್ಟು ಡಬ್ಬಿ ತಿಂದೆನೋ. ಅಲ್ಲಿಗೆ ಲೆಕ್ಕ ಚುಕ್ತಾ ಎಂದು ಅವರೂ ತಿಳಿದಿದ್ದರು, ನಾವೂ ತಿಳಿದಿದ್ದೆವು.

ಸಾಲಹಳ್ಳಿ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಹೊಸ ಕೋಣೆಯ ಉದ್ಘಾಟನೆ ಇತ್ತು. ಹನ್ನೊಂದಕ್ಕೆ ಬರುತ್ತೇವೆಂದು ಹೇಳಿದ್ದೆವು. ಸವದತ್ತಿಯಲ್ಲಿ ಒಂದು ಮದುವೆ, ದಾರಿಯಲ್ಲಿ ಎರಡು ಕಡೆ ಸತ್ಕಾರ. ನಾವು ತಲುಪಿದಾಗ ಎರಡು ದಾಟಿತ್ತು. ಅಂಗಳದಲ್ಲಿ ಶಾಮಿಯಾನ ಇತ್ತು, ಮೈಕು ಇತ್ತು, ಊರ ಹಿರಿಯರು ಇದ್ದರು. ಹೂ ಹಿಡಿದು ಸಾಲಾಗಿ ನಿಲ್ಲಬೇಕಾಗಿದ್ದ ಮಕ್ಕಳು ಇರಲಿಲ್ಲ.

ಶಾಲೆಯ ಮುಖ್ಯ ಶಿಕ್ಷಕಿ ಮುಂದೆ ಬಂದರು. ಊರಲ್ಲಿ ಅವರನ್ನು ಎಲ್ಲರೂ ಅಕ್ಕೋರು ಎನ್ನುತ್ತಿದ್ದರು. ಸವದತ್ತಿಯ ಒಬ್ಬ ಟೇಲರರ ಮಗಳು. ಅವರದು ಅಜ್ಜನ ಕಾಲಕ್ಕೇ ಬೌದ್ಧ ಧಮ್ಮ ಸ್ವೀಕರಿಸಿದ ಮನೆತನ. ನಮಸ್ಕಾರ ಮಾಡಿ ಹೇಳಿದರು:

“ಮಕ್ಕಳು ಹನ್ನೊಂದರಿಂದ ಬಿಸಲಾಗ ನಿಂತಿದ್ದುವ್ರಿ. ಒಂದು ಹುಡಿಗಿ ಚಕ್ಕರ ಬಂದು ಬಿತ್ತು. ಅದಕ್ಕ ಒಳಗ ಕರಕೊಂಡು ಊಟಕ್ಕ ಕುಂಡ್ರಿಸೇನ್ರಿ. ಐದು ನಿಮಿಷ ಕೂಡ್ರಿ, ಕೈ ತೊಳಕೊಂಡು ಬರತಾವ.”

ನಾನು ಎಡಗಿವಿ ನೋಡಿದೆ. ತಡವಾಗಿತ್ತು. ಸಾಹುಕಾರರು ಮೈಕು ಕೈಗೆತ್ತಿಕೊಂಡಿದ್ದರು.

“ನಿಮಗ ಪಗಾರ ಕೊಡಾವ್ರು ಯಾರು? ಮಂದಿ ಮುಂದ ನನ್ನ ಮರ್ಯಾದಿ ತಗೀತೀರಿ? ನಿಮ್ಮಂಥಾವ್ರನ್ನ ತಂದು ಕುರ್ಚಿ ಮ್ಯಾಲ ಕುಂಡ್ರಿಸಿದ್ದ ತಪ್ಪಾತು!”

ಕೋಣೆಯ ಬಾಗಿಲಲ್ಲಿ ಮಕ್ಕಳು ಎಂಜಲುಗೈಯಲ್ಲಿ ನಿಂತು ನೋಡುತ್ತಿದ್ದವು. ಅಕ್ಕೋರು ಅಳಲಿಲ್ಲ, ದನಿ ಏರಿಸಲೂ ಇಲ್ಲ.

“ನನ್ನಂಥಾವ್ರು ಅಂದ್ರ ಯಾರ್ರೀ?” ಎಂದರು.

ಸಾಹುಕಾರರು ಮೈಕನ್ನು ಮೇಜಿನ ಮೇಲೆ ಒಗೆದು ಹೋಗಿ ಗಾಡಿ ಹತ್ತಿದರು. ಟೇಪು ಕತ್ತರಿಸುವ ಕೆಲಸ ಹಾಗೇ ಉಳಿಯಿತು.

ಇನ್ನು ನಾನು ಮಾಡಿದ್ದು. ಊರಿನವರು ಯಾರಾದರೂ ವಿಡಿಯೋ ಬಿಡುವ ಮೊದಲೇ ನಾವು ಬಿಡಬೇಕೆಂದು, ವಾಪಸು ಬರುವ ದಾರಿಯಲ್ಲೇ ನನ್ನ ಫೋನಿನಲ್ಲಿದ್ದ ವಿಡಿಯೋ ಕತ್ತರಿಸಿದೆ. ಬಿಸಿಲಿನ ಮಾತು, ಬಿದ್ದ ಹುಡುಗಿಯ ಮಾತು ಹೋಯಿತು. ಸಾಹುಕಾರರ ಬೈಗುಳವೂ ಹೋಯಿತು. ಉಳಿದದ್ದು “ಐದು ನಿಮಿಷ ಕೂಡ್ರಿ” ಮತ್ತು “ನನ್ನಂಥಾವ್ರು ಅಂದ್ರ ಯಾರ್ರೀ”. ಹಿರಿಯ ನಾಯಕರಿಗೆ ಸೊಕ್ಕಿನಿಂದ ಎದುರುತ್ತರ ಕೊಟ್ಟ ಶಿಕ್ಷಕಿ ಎಂದು ಮೇಲೆ ಬರೆದೆ. ಸಾಹುಕಾರರು ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು. ಅವರಿಗೆ ಹೇಳಲೂ ಇಲ್ಲ, ಕೇಳಲೂ ಇಲ್ಲ.

ಅದು ಬೆಂಕಿಯಂತೆ ಹಬ್ಬಿತು. ಅಕ್ಕೋರ ಫೋನ್ ನಂಬರನ್ನೂ ಯಾರೋ ಅದರ ಕೆಳಗೆ ಹಾಕಿದರು. ಎರಡು ದಿನದ ಮೇಲೆ ಊರಿನವರೊಬ್ಬರು ಪೂರ್ತಿ ವಿಡಿಯೋ ಬಿಟ್ಟಾಗ ಗಾಳಿ ನಮ್ಮ ವಿರುದ್ಧ ತಿರುಗಿತು. ಟೀವಿಯವರು ಮನೆ ಮುಂದೆ ಬಂದು ನಿಂತರು. ಪಕ್ಷದ ಹಿರಿಯರು ಫೋನು ಮಾಡಿ, “ಮಾಸ್ತರ ಮಂದಿಗೆ ಅಂದೆ, ಮತ್ತೇನೂ ಅರ್ಥ ಇಲ್ಲ ಅಂತ ಹೇಳಿ ಮುಗಸ್ರಿ. ಟಿಕೆಟಿಂದು ನಾವು ನೋಡಕೋತೇವಿ” ಎಂದರು. ವಕೀಲರೂ ಅದನ್ನೇ ಹೇಳಿದರು. ಜಾತಿಯ ಮಾತು ಬಾಯಿಂದ ಬಂದರೆ ಕೇಸು ತಪ್ಪುವುದಿಲ್ಲ ಎಂದರು.

ಸಾಹುಕಾರರು ತಮಗೆ ತಿಳಿದ ದಾರಿ ಹಿಡಿದರು. ಡ್ರೈವರನ ಕೈಯಲ್ಲಿ ಅಕ್ಕೋರ ಮನೆಗೆ ಕರದಂಟಿನ ಡಬ್ಬಿ ಕಳಿಸಿದರು. ಡಬ್ಬಿ ಬಿಚ್ಚದೆ ಹಾಗೇ ತಿರುಗಿ ಬಂತು. ಮೇಲೆ ದುಂಡಗಿನ ಅಕ್ಷರದ ಒಂದು ಚೀಟಿ: “ಬೈಗುಳ ಶಾಲೆಗೆ ಬಂದಿತ್ತು. ಸಿಹಿ ಮನೆಗೆ ಬಂದಿದೆ. ವಿಳಾಸ ತಪ್ಪಿದೆ.”

ಆ ಚೀಟಿಯನ್ನು ಅವರು ಎಷ್ಟು ಸಲ ಓದಿದರೋ. ಅಂಗಿಯ ಜೇಬಿನಲ್ಲಿಟ್ಟುಕೊಳ್ಳುವುದು, ತೆಗೆಯುವುದು, ಓದುವುದು. ಎಂಟನೆಯ ದಿನ ಬೆಳಿಗ್ಗೆ ನನ್ನನ್ನು ಪಡಸಾಲೆಗೆ ಕರೆದು, “ಆ ವಿಡಿಯೋ ಹಚ್ಚು, ಎರಡೂನೂ” ಎಂದರು. ಅವರಿಗೆ ಫೋನು ಎತ್ತುವುದು, ಇಡುವುದು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಹಚ್ಚಿ ಕೊಟ್ಟೆ. ಎರಡನ್ನೂ ನೋಡಿದರು.

“ಇದನ್ನ ಕತ್ತರಿಸಿದಾವ್ರು ಯಾರೋ?”

“ನಾನ್ರಿ.”

ಬೈಗುಳಕ್ಕೆ ತಲೆ ಬಾಗಿಸಿ ನಿಂತೆ. ಬೈಯಲಿಲ್ಲ.

“ನನ್ನ ಸಲುವಾಗಿ ಮಾಡಿದಿ. ಅಂದ್ರ ನಂದ ಆತು,” ಎಂದರು. “ಆದ್ರ ನಿಂದೂ ಒಂದು ಪಾಲು ಉಳೀತದ. ಅದರ ಕ್ಷಮಾ ಯಾವಾಗ ಕೇಳಕೋತಿ, ನಿನಗ ಬಿಟ್ಟದ್ದು.”

ನಾನು ಬರೆದಿಟ್ಟಿದ್ದ ಹೇಳಿಕೆಯನ್ನು ಮುಂದೆ ಹಿಡಿದೆ. ‘ನನ್ನ ಮಾತಿನಿಂದ ಯಾರಿಗಾದರೂ ನೋವು ಆಗಿದ್ದರೆ ವಿಷಾದಿಸುತ್ತೇನೆ’ ಎಂದಿತ್ತು. ಕನ್ನಡಕ ಹಾಕಿಕೊಂಡು ಓದಿದರು.

“‘ಯಾರಿಗಾದರೂ’ ಅಂದ್ರ ಯಾರಪ್ಪಾ? ಒಬ್ಬರಿಗೇ ಬೈದೇನಿ. ‘ಆಗಿದ್ದರೆ’ ಯಾಕ? ಆಗೇತಿ. ಎಲ್ಲಾರೂ ನೋಡ್ಯಾರ.” ಕಾಗದವನ್ನು ನಾಲ್ಕು ಮಡಿಕೆ ಮಾಡಿ ನನಗೇ ಕೊಟ್ಟರು. “ಅಕ್ಕೋರಿಗೆ ಫೋನ್ ಹಚ್ಚು. ನಾಳೆ ಪ್ರಾರ್ಥನಾ ಹೊತ್ತಿಗೆ ಬರಬೇಕಂತೇನಿ, ಮಕ್ಕಳ ಮುಂದ. ಅವರು ಬರ್ರಿ ಅಂದ್ರ ಹೋಗೂಣು, ಬ್ಯಾಡ ಅಂದ್ರ ಇಲ್ಲ.”

ಅಕ್ಕೋರು ಬರ್ರಿ ಎಂದರು.

ಒಂಬತ್ತನೆಯ ದಿನ, ಶಾಲೆಯ ಗಂಟೆ ಹೊಡೆಯುವ ಮೊದಲೇ ನಾವು ಅಂಗಳದಲ್ಲಿ ನಿಂತಿದ್ದೆವು. ಶಾಮಿಯಾನ ಇರಲಿಲ್ಲ, ಕುರ್ಚಿ ಇರಲಿಲ್ಲ. ಸುದ್ದಿ ತಿಳಿದು ಊರವರು ಕೂಡಿದ್ದರು, ಕಂಪೌಂಡಿನ ಮೇಲೆಲ್ಲ ಫೋನುಗಳು. ಪ್ರಾರ್ಥನೆ ಮುಗಿಯಿತು. ಸಾಹುಕಾರರು ಚಪ್ಪಲಿ ಬಿಟ್ಟು ಮಕ್ಕಳ ಮುಂದೆ ನಿಂತರು.

“ಹೋದ ವಾರ ನಾ ಇಲ್ಲಿ ನಿಮ್ಮ ಅಕ್ಕೋರಿಗೆ ಬೈದೆ. ಮೂರು ತಾಸು ತಡಾ ಬಂದಾವ ನಾ. ನಿಮ್ಮನ್ನ ಬಿಸಲಾಗ ನಿಲ್ಲಿಸಿದಾವ ನಾ. ನಿಮಗ ಉಣ್ಣಾಕ ಕೊಟ್ಟಾವ್ರು ಅವರು. ಎಲ್ಲಾ ತಪ್ಪು ನಂದು.”

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ವಕೀಲರು ಇಲ್ಲಿಗೇ ನಿಲ್ಲಿಸಿರಿ ಎಂದು ಕೈ ಮುಗಿದು ಹೇಳಿದ್ದರು. ಸಾಹುಕಾರರು ನಿಲ್ಲಿಸಲಿಲ್ಲ.

“ಅಕ್ಕೋರು ನನಗ ಒಂದು ಪ್ರಶ್ನಿ ಕೇಳಿದ್ರು, ನನ್ನಂಥಾವ್ರು ಅಂದ್ರ ಯಾರು ಅಂತ. ನಾ ಉತ್ತರಾ ಕೊಡದ ಓಡಿ ಹೋದೆ. ಇವತ್ತ ಕೊಡತೇನಿ. ನಾ ಅವರ ಜಾತಿ ಮನಸಿನ್ಯಾಗ ಇಟಗೊಂಡ ಆ ಮಾತು ಅಂದೆ. ಮಾಸ್ತರ ಮಂದಿಗೆ ಅಂದೆ ಅಂತ ಹೇಳ್ರಿ ಅಂತ ನನಗ ಭಾಳ ಮಂದಿ ಕಲಿಸ್ಯಾರ. ಅದು ಸುಳ್ಳು. ಈ ಹೊಲಸು ನನ್ನೊಳಗ ಇತ್ತಂತ ನನಗ ಗೊತ್ತಿರಲಿಲ್ಲ ಅಂದ್ರ ಅದೂ ಸುಳ್ಳು. ಗೊತ್ತಿತ್ತು.”

ಇಷ್ಟು ವರ್ಷ ಈ ಮನುಷ್ಯನ ಬಾಯಿಗೆ ಮಾತು ಬರೆದುಕೊಟ್ಟವನು ನಾನು. ಇಂಥ ಮಾತು ನನ್ನ ಪೆನ್ನಿನಿಂದ ಎಂದೂ ಬರುತ್ತಿರಲಿಲ್ಲ. ಅಧಿಕಾರದ ಹೊಸ್ತಿಲಲ್ಲಿ ನಿಂತವನು ಅಷ್ಟೊಂದು ಫೋನುಗಳ ಮುಂದೆ ತನ್ನನ್ನು ತಾನೇ ಬಿಚ್ಚಿಡುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

“ಆ ಅರ್ಧಾ ಕತ್ತರಿಸಿದ ವಿಡಿಯೋನೂ ನಂದ,” ಎಂದರು ಕೊನೆಗೆ. ನನ್ನ ಕಡೆ ನೋಡಲಿಲ್ಲ. “ಅಕ್ಕೋರ, ನನಗ ಕ್ಷಮಾ ಮಾಡ್ರಿ.”

ಅಕ್ಕೋರು ಅವರ ಮುಗಿದ ಕೈಗಳನ್ನೇ ನೋಡುತ್ತ ನಿಂತಿದ್ದರು. “ಕೇಳಸ್ಕೊಂಡೇನ್ರಿ,” ಎಂದರು. “ಉತ್ತರಾ ಇವತ್ತ ಇಲ್ಲ. ಈಗ ಮಕ್ಕಳಿಗೆ ಪಾಠ ಅದ.”

ಮಕ್ಕಳು ಸಾಲು ಹಿಡಿದು ಒಳಗೆ ಹೋದವು. ನನಗೆ ಅವಮಾನ ಎನಿಸಿತು. ಗಾಡಿಯಲ್ಲಿ ಅದನ್ನೇ ಹೇಳಿದೆ. ಸಾಹುಕಾರರು, “ಕೇಳೂದು ನನ್ನ ಕೆಲಸ. ಕೊಡೂದು ಬಿಡೂದು ಅವರದು,” ಎಂದರು.

ಟಿಕೆಟ್ ಬೇರೆಯವರಿಗೆ ಹೋಯಿತು. ಸಾಹುಕಾರರ ಸಮಾಜದ ಹಿರಿಯರು ಮನೆಗೇ ಬಂದು, “ಮಂದಿ ಮುಂದ ನಮ್ಮೆಲ್ಲಾರ ಮಾನ ಕಳದಿ” ಎಂದು ಜಗಳವಾಡಿದರು. ಪೊಲೀಸರು ಅಕ್ಕೋರನ್ನು ದೂರು ಕೊಡುತ್ತೀರಾ ಎಂದು ಕೇಳಿದಾಗ ಅವರು ಕೊಡಲಿಲ್ಲ. ಯಾಕೆಂದು ಯಾರಿಗೂ ಹೇಳಲೂ ಇಲ್ಲ.

ಸಾಹುಕಾರರ ಸಿಟ್ಟು ಆಮೇಲೆ ಹೋಯಿತೆಂದು ಬರೆದರೆ ಅದು ಸುಳ್ಳಾದೀತು. ರಾಮದುರ್ಗದ ಬಸ್ ನಿಲ್ದಾಣದ ಚಹದಂಗಡಿಯವನ ಮೇಲೆ ಒಮ್ಮೆ ಎಲ್ಲರೆದುರು ಕೂಗಾಡಿದರು. ಆದರೆ ಮರುದಿನ ಡಬ್ಬಿ ಹೋಗಲಿಲ್ಲ. ತಾವೇ ಹೋದರು, ಗಿರಾಕಿ ತುಂಬಿದ ಹೊತ್ತು ನೋಡಿ ಹೋಗಿ, ಎಲ್ಲರಿಗೂ ಕೇಳುವಂತೆ ತಪ್ಪಾಯಿತೆಂದರು. ಅಂಗಡಿಯವನು ಗಾಬರಿಯಾಗಿ ಅವರ ಬಸಿಯ ತುಂಬ ಚಹ ಚೆಲ್ಲಿದ.

ವರ್ಷ ತುಂಬುವ ಹೊತ್ತಿಗೆ ಅಕ್ಕೋರ ಫೋನು ಬಂತು. ಆದಿತ್ಯವಾರ ಸವದತ್ತಿಯ ತಮ್ಮ ಮನೆಗೆ ಊಟಕ್ಕೆ ಬರಬೇಕು. “ಒಬ್ಬರ ಬರ್ರಿ. ಫೋಟೋ ತಗಿಯಾವ್ರು ಬ್ಯಾಡ್ರಿ.”

ಆ ಮಾತು ನನಗೇ ಚುಚ್ಚಿತು. ಹಿಂದೊಮ್ಮೆ ಚುನಾವಣೆಯ ಹೊತ್ತಿನಲ್ಲಿ ದಲಿತ ಕೇರಿಯ ಒಂದು ಮನೆಯಲ್ಲಿ ಸಾಹುಕಾರರನ್ನು ಊಟಕ್ಕೆ ಕುಳ್ಳಿರಿಸಿ ಫೋಟೋ ಹೊಡೆಸಿದವನು ನಾನು. ಅವತ್ತಿನ ಊಟವನ್ನು ಖಾನಾವಳಿಯಿಂದ ತರಿಸಿದವನೂ ನಾನೇ.

ಸವದತ್ತಿಯ ಬಸ್ ನಿಲ್ದಾಣದಲ್ಲಿ ನಾನು ಕಾದು ಕುಳಿತೆ. ಅವರು ನಡೆದು ಹೋದರು. ತಿರುಗಿ ಬಂದಾಗ ಮೂರು ತಾಸು ಆಗಿತ್ತು, ಕಣ್ಣು ಕೆಂಪಗಾಗಿದ್ದವು.

“ಏನಂದ್ರ‍್ರೀ?”

“ಮಾಫ್ ಮಾಡಿದ್ರು. ತಮ್ಮ ಕೈಯಾರೆ ರೊಟ್ಟಿ ಬಡದು, ಎಣಗಾಯಿ ಬಡಿಸಿ, ಆಮ್ಯಾಲೆ ಹೇಳಿದ್ರು.” ನನ್ನ ಪಕ್ಕ ಕುಳಿತು ಕೇಳಿದರು: “ನೀ ಉಂಡಿ ಏನೋ?”

ಅಷ್ಟೇ. ಮುಂದಿನ ವರ್ಷಗಳಲ್ಲಿ ಅವರು ಆ ಶಾಲೆಗೆ ಬೇಕಾದಷ್ಟು ಸಲ ಹೋದರು. ಪ್ರತಿಸಲವೂ ಗಂಟೆಗೆ ಮೊದಲೇ. ನನ್ನ ಪಾಲಿನ ಮಾತನ್ನು ಅವರು ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಯಾರಿಗೂ ಗೊತ್ತಿಲ್ಲದ ತಪ್ಪಿನೊಡನೆ ಮನುಷ್ಯ ಎಷ್ಟು ಸುಖವಾಗಿ ಇರಬಲ್ಲನೆಂದು ನಾನು ಬಲ್ಲೆ.

ಈ ವರ್ಷ ಕಬ್ಬು ಕಡಿಯುವ ದಿನಗಳಲ್ಲಿ ಸಾಹುಕಾರರು ಊಟಕ್ಕೆ ಕುಳಿತಲ್ಲೇ ತೀರಿಕೊಂಡರು. ಮಲಪ್ರಭೆಯ ದಂಡೆಯ ಹೊಲದಲ್ಲಿ ಮಣ್ಣು ಕೊಟ್ಟೆವು. ಅಕ್ಕೋರು ಬಂದು ಒಂದು ಹಿಡಿ ಮಣ್ಣು ಹಾಕಿ, ಜನ ಕರಗಿದ ಮೇಲೂ ಬದುವಿನ ಮೇಲೆ ನಿಂತಿದ್ದರು. ಹತ್ತಿರ ಹೋದೆ. ಆರು ವರ್ಷ ಗಂಟಲಲ್ಲಿದ್ದ ಮಾತು ಅವತ್ತು ತಾನಾಗಿ ಹೊರಬಿತ್ತು.

“ಅಕ್ಕೋರ, ಆ ವಿಡಿಯೋ ಕತ್ತರಿಸಿದಾವ ನಾನ್ರಿ. ಸಾಹುಕಾರರಿಗೆ ಗೊತ್ತ ಇರಲಿಲ್ಲ. ನನ್ನ ತಪ್ಪು. ಕ್ಷಮಾ ಮಾಡ್ರಿ.”

ಅಕ್ಕೋರು ಸಾಹುಕಾರರ ಮೇಲಿನ ಹಸಿ ಮಣ್ಣಿನ ಕಡೆ ತಿರುಗಿದರು.

“ಅವರಿಗೆ ಒಂಬತ್ತು ದಿನ ಹಿಡೀತು,” ಎಂದರು. “ನಿಮಗ ಆರು ವರ್ಷ.”

“ಹೌದ್ರಿ.”

“ಆ ವಾರ ನಮ್ಮವ್ವ ನನ್ನ ಫೋನ್ ಎತ್ತಿದ್ಳು. ಮಂದಿ ಏನೇನ ಅಂದ್ರು, ನಿಂತು ಕೇಳ್ರಿ. ಕ್ಷಮಾದ ಮಾತು ಆಮ್ಯಾಲೆ.”

ಹೇಳಿದರು. ಒಂದೊಂದು ಮಾತನ್ನೂ, ಅಂದವರ ದನಿ ಸಮೇತ. ಆ ಮಾತುಗಳನ್ನು ನಾನಿಲ್ಲಿ ಬರೆಯಲಾರೆ. ಆ ಮುದುಕಿ ಅಂದಿನಿಂದ ಸಾಯುವ ತನಕ ಫೋನಿನ ಸಪ್ಪಳ ಕೇಳಿದರೆ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳಂತೆ. ನಾನು ನೆಲ ನೋಡುತ್ತ ಪೂರ್ತಿ ಕೇಳಿದೆ.

“ಇದನ್ನ ಇದಕ್ಕೂ ಮೊದಲು ಒಬ್ಬರಿಗೇ ಹೇಳಿದ್ದೆ,” ಎಂದರು ಅಕ್ಕೋರು. “ಊಟಕ್ಕ ಬಂದಿದ್ರಲ್ಲ, ಅವತ್ತ. ವಿಡಿಯೋ ಮಾಡಿದಾವ್ರು ಯಾರಂತ ಕೇಳಿದೆ. ‘ನಾನ’ ಅಂದ್ರು. ನಮ್ಮವ್ವ ಎದುರಿಗೇ ಕುಂತಿದ್ಳು. ಹೇಳಿ ಮುಗಿಸೂತನಾ ಅವರು ತಲಿ ಎತ್ತಲಿಲ್ಲ. ಆಮ್ಯಾಲೆ ಎದ್ದು ಅಕಿ ಕಾಲ ಮುಟ್ಟಿದ್ರು.”

ತಾವು ಮಾಡದ ತಪ್ಪಿಗೆ ಆ ಮಾತುಗಳನ್ನೆಲ್ಲ ಸಾಹುಕಾರರು ನನ್ನ ಜಾಗದಲ್ಲಿ ಕುಳಿತು ಕೇಳಿದ್ದರು. ಅಲ್ಲಿಂದ ಎದ್ದು ಬಂದು, ಬಸ್ ನಿಲ್ದಾಣದಲ್ಲಿ ನನ್ನನ್ನು ಕೇಳಿದ್ದು ಊಟ ಆಯಿತೇ ಎಂದು.

ಅಕ್ಕೋರು ಸೆರಗಿನಿಂದ ಮುಖ ಒರೆಸಿಕೊಂಡು, “ನಡ್ರಿ, ಬಸ್ಸಿನ ಹೊತ್ತಾತು,” ಎಂದರು. ಬದುವಿನ ಮೇಲೆ ಅವರು ಮುಂದೆ, ನಾನು ಹಿಂದೆ ನಡೆದೆವು.