ಅಣ್ಣ ಕೊಟ್ಟ ಸಮಾಧಾನ

ಕಂಬಳಿ ನೇಯುತ್ತಿದ್ದೆ. ಲಾಳಿ ಎಸೆಯಲು ಬಲಗೈ ಎತ್ತಿದಾಗ ಕಂಕುಳಲ್ಲಿ ಚುಳಕ್ ಎಂದಿತು. ಮುಟ್ಟಿ ನೋಡಿದೆ.

ಗಡ್ಡೆ.

ಡಾಕ್ಟರು ಬಾಗಿಲಲ್ಲೇ ನಿಂತು, "ಪ್ಲೇಗು. ಊರಾಚೆ ಗುಡಿಸಲಿಗೆ ಹೋಗಿ," ಎಂದರು. ಹೊಳಲ್ಕೆರೆಯ ಹೊರಗಿನ ಹೊಲದಲ್ಲಿ ಗುಡಿಸಲು ಹಾಕಿದೆವು. ಹೆಂಡತಿ ಮಾರ್ತ ನನ್ನ ಜೊತೆಗೇ ಬಂದಳು. ಜ್ವರದಲ್ಲಿ ಹಗಲೂ ರಾತ್ರಿಯೂ ತಿಳಿಯಲಿಲ್ಲ. ಚೆನ್ನಾಗಿ ನೆನಪಿರುವುದು ಒಂದೇ. ನನ್ನ ಜೊತೆ ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಅಣ್ಣ ದಾನಪ್ಪ ದಿನಾ ಅಂಬಲಿ ತಂದು, ದೂರದ ಜಾಲಿ ಮರದ ಬುಡದಲ್ಲಿ ಇಟ್ಟು, ತಿರುಗಿ ನೋಡದೆ ಹೋಗುತ್ತಿದ್ದ.

ಗಡ್ಡೆ ಒಡೆಯಿತು. ಬದುಕಿದೆ. ಇನ್ನು ಯಾರಿಗೂ ಅಂಟುವುದಿಲ್ಲ ಎಂದು ಡಾಕ್ಟರು ಹೇಳಿದರು. ಬೀದಿಯವರು ನಂಬಲಿಲ್ಲ.

ನಮ್ಮ ಪ್ರಾರ್ಥನೆ ಮನೆಯಲ್ಲಿ ರೊಟ್ಟಿ ಮುರಿಯುವ ಭಾನುವಾರ ಒಂದು ಪದ್ಧತಿ. ಪಾದ್ರಿಗಳು ಮುಂದೆ ಕೂತವನ ಎರಡೂ ಕೈ ಹಿಡಿದು "ನಿನಗೆ ಸಮಾಧಾನ" ಎನ್ನುತ್ತಾರೆ. ಅವನು ಪಕ್ಕದವನಿಗೆ, ಹೀಗೆ ಚಾಪೆಯ ಕೊನೆಯವರೆಗೆ. ಕೇಳಿ ಪಡೆಯುವ ಹಾಗಿಲ್ಲ. ಅದು ಸಿಗದವನು ರೊಟ್ಟಿಗೆ ಕೈ ಒಡ್ಡುವ ಹಾಗೂ ಇಲ್ಲ.

ನಾನು ಹೆಚ್ಚು ಓದಿದವನಲ್ಲ. ಸಮಾಧಾನ ಎಂದರೆ ಮನಸ್ಸು ತಣ್ಣಗಿರುವುದು ಎಂದುಕೊಂಡಿದ್ದೆ. ಆದರೆ ವಾಸಿಯಾದ ಮೇಲೆ ಬಂದ ಮೊದಲ ಅಂಥ ಭಾನುವಾರ, ಆ ಮಾತು ಸಾಲಿನಲ್ಲಿ ಹತ್ತಿರ ಬಂದಷ್ಟೂ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಯಾರ ಮುಂದೂ ಚಾಚದ ಕೈ ನನ್ನದು. ಕಂಬಳಿಯೊಳಗೆ ಮುಚ್ಚಿಕೊಂಡೆ. ಅಣ್ಣ ನನ್ನ ಪಕ್ಕದಲ್ಲೇ, ಒಂದು ಮೊಳ ಜಾಗ ಬಿಟ್ಟು ಕೂತಿದ್ದ. ನನಗೆ ಕೊಡುವ ಅವನ ಸರದಿ ಬಂತು. ಚಾಪೆಯ ಅಂಚು ಹಿಡಿದು ಕೂತ. ಪಾದ್ರಿಗಳು ಕಾದರು.

ಆಮೇಲೆ ಅಣ್ಣ ನನ್ನ ಕಡೆ ಸರಿದ.

"ಕೈ ತೆಗಿಯಲೇ."

"ಮರದ ಬುಡದಾಗೆ ಇಟ್ಟು ಹೋಗು. ಆಮೇಲೆ ತಗಂತೀನಿ," ಎಂದೆ.

ಹಿಂದೆ ಯಾರೋ ಕೆಮ್ಮಿದರು.

"ಹೆದ್ರಿದ್ದೆ ಕಣಪ್ಪ," ಎಂದ ಅಣ್ಣ. "ಈಗ್ಲೂ ಹೆದ್ರಿಕೆ ಐತೆ. ಹಿಡಿ."

ಕೈ ಕೊಟ್ಟೆ. ಅವನ ಅಂಗೈ ಬೆವೆತಿತ್ತು. ಬಿಡಲಿಲ್ಲ. ನಿನಗೆ ಸಮಾಧಾನ ಎಂದ. ಆ ದಿನ ನಾನು ರೊಟ್ಟಿ ತಿಂದೆ.

ಮನೆಗೆ ಬಂದು ಮಾರ್ತಳ ಕೈ ಹಿಡಿದು ಅದೇ ಮಾತು ಹೇಳಿದೆ.

"ಗುಡ್ಲಾಗೆ ನಾನು ದಿನಾ ಈ ಕೈ ಒರೆಸಿದ್ದು ಏನು ಮತ್ತೆ?" ಎಂದು ನಕ್ಕು ಒಲೆಯ ಕಡೆ ಹೋದಳು.

ಲಾಳಿ ಎಸೆದಾಗ ಕಂಕುಳು ಇನ್ನೂ ಸೆಳೆಯುತ್ತದೆ. ಎಲ್ಲಾದರೂ ಇಲಿ ಸತ್ತು ಬಿತ್ತು ಎಂದು ಕೇಳಿದರೆ ನಿದ್ದೆ ಬರುವುದಿಲ್ಲ. ಅಣ್ಣ ಮಗ್ಗದ ಮನೆಗೆ ಬರುತ್ತಾನೆ. ಕೆಲವು ದಿನ ಸ್ವಲ್ಪ ದೂರವೇ ಕೂರುತ್ತಾನೆ.

ನಾನು ಏನೂ ಅನ್ನುವುದಿಲ್ಲ. ಬರುತ್ತಾನಲ್ಲ.