ಚೌಡಪ್ಪನವರ ಎಲ್‌ಸಿ

ಕೋವಿಡ್ ಕಾಲ ಮುಗಿದು ಬಸ್ಸು, ರೈಲುಗಳು ಮತ್ತೆ ತುಂಬಿ ಓಡಲು ಶುರುವಾದ ವರ್ಷ ನಾನು ಕೋಲಾರದ ಒಂದು ಸಣ್ಣ ಕಂಪನಿಗೆ ಕಂಟ್ರೋಲ್ ರೂಮ್ ಇನ್‌ಚಾರ್ಜ್ ಆಗಿ ಸೇರಿದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಬಸ್ ನಿಲ್ದಾಣ, ಮಂಡಿ, ಆಸ್ಪತ್ರೆಗಳಲ್ಲಿದ್ದ ಹದಿನೆಂಟು ಡಿಜಿಟಲ್ ಬೋರ್ಡುಗಳು ನನ್ನ ಜವಾಬ್ದಾರಿ. ಕಂಟ್ರೋಲ್ ರೂಮ್ ಎಂದರೆ ದೊಡ್ಡದೇನೋ ಅಂದುಕೊಳ್ಳಬೇಡಿ. ಒಂದು ಮೇಜು, ಎರಡು ಕಂಪ್ಯೂಟರ್, ಒಂದು ಫ್ಯಾನು, ಮತ್ತೆ ನಾನು.

ಇಂಥ ಬೋರ್ಡಿನ ಒಳಗೂ ಒಂದು ಕಂಪ್ಯೂಟರ್ ಇರುತ್ತದೆ. ಅದು ಆಗಾಗ ಹ್ಯಾಂಗ್ ಆಗುತ್ತದೆ. ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ. ಅಷ್ಟಕ್ಕಾಗಿ ಮೊದಲೆಲ್ಲ ಒಬ್ಬರು ಬೈಕಿನಲ್ಲಿ ಕೋಲಾರದಿಂದ ಮುಳಬಾಗಿಲಿಗೆ ಹೋಗಿಬರಬೇಕಿತ್ತು. ನಾನು ಹಟ ಹಿಡಿದು ಪ್ರತಿ ಬೋರ್ಡಿಗೂ ರಿಮೋಟ್ ಪವರ್ ಕಂಟ್ರೋಲರ್ ಹಾಕಿಸಿದೆ. ಸಿಮ್ ಕಾರ್ಡ್ ಇರುವ ಸಣ್ಣ ಸಾಧನ ಅದು. ನಾನು ಇಲ್ಲಿ ಮೌಸ್ ಒತ್ತಿದರೆ ಅಲ್ಲಿ ಬೋರ್ಡಿಗೆ ಕರೆಂಟ್ ನಿಲ್ಲುತ್ತದೆ, ಮತ್ತೆ ಒತ್ತಿದರೆ ಬರುತ್ತದೆ. ಕೂತಲ್ಲೇ ನಾಲ್ಕು ತಾಲ್ಲೂಕು ಆಳುತ್ತಿದ್ದೇನೆ ಎಂಬ ಜಂಬ ನನಗೆ ಬಂದದ್ದು ಸುಳ್ಳಲ್ಲ.

ಆ ಜಂಬಕ್ಕೆ ಅಡ್ಡ ಬಂದವರು ಚೌಡಪ್ಪ. ಗೌನಿಪಲ್ಲಿ ಕಡೆಯವರು, ಮನೆಮಾತು ತೆಲುಗು, ನಿವೃತ್ತ ಲೈನ್‌ಮನ್. ಬೋರ್ಡುಗಳ ರಿಪೇರಿಗೆಂದು ಕಂಪನಿ ಅವರನ್ನು ಇಟ್ಟುಕೊಂಡಿತ್ತು. ಮೊದಲ ದಿನವೇ ಫೋನ್ ಮಾಡಿ, “ಮೇಡಂ, ಚೌಡಪ್ಪ ಮಾತಾಡ್ತಾ ಇದೀನಿ. ಮಾಲೂರು ಬೋರ್ಡಿಗೆ ಎಲ್‌ಸಿ ಕೊಡಿ” ಅಂದರು.

ಎಲ್‌ಸಿ ಅಂದರೆ ಲೈನ್ ಕ್ಲಿಯರ್. ಲೈನ್‌ಮನ್ ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್‌ಗೆ ಹೇಳಿ ಲೈನ್ ಆಫ್ ಮಾಡಿಸಿ ಪಡೆಯುವ ಅನುಮತಿ. ಕೆಲಸ ಮುಗಿದ ಮೇಲೆ ಅದನ್ನು ಪಡೆದವನೇ ವಾಪಸ್ ಕೊಡಬೇಕು. ಅಲ್ಲಿಯವರೆಗೆ ಯಾರು ಏನೇ ಹೇಳಿದರೂ ಲೈನ್ ಚಾರ್ಜ್ ಮಾಡುವಂತಿಲ್ಲ, ಅಂದರೆ ಮತ್ತೆ ಕರೆಂಟ್ ಬಿಡುವಂತಿಲ್ಲ. ಚೌಡಪ್ಪ ಇದನ್ನು ನಮ್ಮ ಬೋರ್ಡುಗಳಿಗೂ ತಂದರು. ನಾನು ಒಂದು ನೋಟ್‌ಬುಕ್ಕಿನಲ್ಲಿ ಎಲ್‌ಸಿ ಕೊಟ್ಟ ಹೊತ್ತು, ವಾಪಸ್ ಬಂದ ಹೊತ್ತು ಬರೆಯಬೇಕು ಎಂದು ಪಟ್ಟು ಹಿಡಿದರು.

ನನಗೋ ಮೂಗಿನ ತುದಿಯಲ್ಲೇ ಕೋಪ. “ಚೌಡಪ್ಪನವರೇ, ಇದೇನು ಹೈಟೆನ್ಷನ್ ಲೈನಾ? ಬಸ್ ಸ್ಟ್ಯಾಂಡ್ ಟೀವಿ” ಎಂದು ರೇಗಿಸಿದೆ. ಅವರು ನಗಲಿಲ್ಲ. ಮುಂದಿನ ಸಲ ಆಫೀಸಿಗೆ ಬಂದಾಗ ಬಲಗೈ ಚಾಚಿ ತೋರಿಸಿದರು. ಎರಡು ಬೆರಳು ಮಡಚುತ್ತಿರಲಿಲ್ಲ. “ಚೌಡಪ್ಪ ಇಳಿದಾಯ್ತು ಅಂತ ಇನ್ಯಾರೋ ನನ್ನ ಎಲ್‌ಸಿ ವಾಪಸ್ ಕೊಟ್ರು ಮೇಡಂ. ನಾನಿನ್ನೂ ಮೇಲೇ ಇದ್ದೆ” ಅಂದರು. ನಾನು ಬಾಯಿ ಮುಚ್ಚಿಕೊಂಡು ಬರೆಯತೊಡಗಿದೆ. ಆದರೂ ಮನಸ್ಸಿನೊಳಗೆ, ಇದೆಲ್ಲ ಮುದುಕರ ಭಯ ಎಂದೇ ಇತ್ತು.

ಆಮೇಲೆ ಬಂತು ಮಾವಿನ ಸೀಸನ್. ಶ್ರೀನಿವಾಸಪುರದ ಕಡೆಯ ಒಂದು ಮಂಡಿಯಲ್ಲಿ ನಮ್ಮ ಬೋರ್ಡಿತ್ತು. ಯಾವ ಮಂಡಿ ಎಂಬುದು ಬೇಡ. ಬಾದಾಮಿ, ತೋತಾಪುರಿ, ನೀಲಂಗಳ ಆ ದಿನದ ದರ ಅದರಲ್ಲಿ ಬರುತ್ತಿತ್ತು. ಟ್ರ್ಯಾಕ್ಟರ್ ನಿಲ್ಲಿಸಿದ ರೈತರು ಮೊದಲು ಬೋರ್ಡು ನೋಡಿ, ಆಮೇಲೆ ವ್ಯಾಪಾರಕ್ಕೆ ಬಾಯಿ ತೆಗೆಯುತ್ತಿದ್ದರು. ಒಂದು ಬೆಳಿಗ್ಗೆ ಅದರ ಒಳಗಿನ ಫ್ಯಾನು ಕೆಟ್ಟಿತು. ಹತ್ತು ಗಂಟೆಗೆ ಚೌಡಪ್ಪ ಎಲ್‌ಸಿ ಪಡೆದರು. ನಾನು ಆಫ್ ಮಾಡಿ, ನೋಟ್‌ಬುಕ್ಕಿನಲ್ಲಿ ಬರೆದೆ.

ಹತ್ತೂ ಮುಕ್ಕಾಲಿಗೆ ಮಂಡಿಯ ಮ್ಯಾನೇಜರ್ ಫೋನ್ ಬಂತು. “ಏನಮ್ಮಾ, ಬೋರ್ಡು ಇನ್ನೂ ಕಪ್ಪಗೇ ಇದೆ? ಇಲ್ಲಿ ಜನ ನನ್ನ ಮೇಲೆ ಬೀಳ್ತಾ ಇದಾರೆ. ಆನ್ ಮಾಡಿ.”

“ಚೌಡಪ್ಪನವರು ಹೇಳಲಿ ಸರ್, ಮಾಡ್ತೀನಿ.”

“ಅವರು ಮುಗಿಸಿ ಬೋರ್ಡಿನ ಬಾಗಿಲಿಗೆ ಬೀಗ ಹಾಕಿ ಹೋದ್ರು. ನಾನೇ ಕಣ್ಣಾರೆ ನೋಡಿದೀನಿ.”

ಚೌಡಪ್ಪನವರಿಗೆ ಫೋನ್ ಮಾಡಿದೆ. ರಿಂಗ್ ಆಯಿತು, ಎತ್ತಲಿಲ್ಲ. ನಾಲ್ಕು ಸಲ ಮಾಡಿದೆ. ಅಷ್ಟರಲ್ಲಿ ಬೆಂಗಳೂರಿನಿಂದ ನಮ್ಮ ಬಾಸ್, “ಮಂಡಿಯವರು ಕಾಂಟ್ರ್ಯಾಕ್ಟ್ ಬಿಡ್ತೀವಿ ಅಂತಿದಾರೆ. ಒಂದು ಬಟನ್ ಒತ್ತೋಕೆ ನಿಮಗೇನ್ರೀ ಕಷ್ಟ?” ಎಂದು ಕೂಗಾಡಿದರು.

ನಿಜ ಹೇಳುತ್ತೇನೆ, ಮೌಸ್ ಆನ್ ಮಾಡುವ ಹಸಿರು ಬಟನ್ ಮೇಲೆಯೇ ಇತ್ತು. ಕಣ್ಣಾರೆ ನೋಡಿದವರು ಹೇಳಿದ್ದಾರೆ, ಬಾಸ್ ಹೇಳಿದ್ದಾರೆ, ನನ್ನದೇನು ಎಂದುಕೊಂಡೆ. ಪಕ್ಕದಲ್ಲಿ ನೋಟ್‌ಬುಕ್ ತೆರೆದಿತ್ತು. ‘ವಾಪಸ್’ ಎಂಬ ಕಾಲಂ ಖಾಲಿ. ಆ ಮಡಚದ ಎರಡು ಬೆರಳು ನೆನಪಾದವು. “ಸರ್, ಅವರ ಬಾಯಿಂದ ಕೇಳದೆ ಮಾಡಲ್ಲ. ಬೇಕಿದ್ರೆ ಕೆಲಸದಿಂದ ತೆಗೀರಿ” ಎಂದು ಫೋನ್ ಇಟ್ಟೆ. ಮೌಸನ್ನು ಮೇಜಿನ ಆ ತುದಿಗೆ ತಳ್ಳಿದೆ.

ಹನ್ನೊಂದೂ ಹತ್ತಕ್ಕೆ ಫೋನ್ ಬಂತು. “ಮೇಡಂ, ಚೌಡಪ್ಪ ಮಾತಾಡ್ತಾ ಇದೀನಿ. ಎಲ್‌ಸಿ ವಾಪಸ್.” ಬರೆದುಕೊಂಡು ಆನ್ ಮಾಡಿದೆ. ಬಾದಾಮಿ ದರ ಬಂದಿದೆ ಎಂದು ಅವರು ಹೇಳಿದ ಮೇಲೆ ನಡೆದದ್ದನ್ನೆಲ್ಲ ಹೇಳಿದೆ. ಆಗ ಗೊತ್ತಾಯಿತು, ಅವರು ಬೀಗ ಹಾಕಿದ್ದು ಮುಂದಿನ ಬಾಗಿಲಿಗೆ ಮಾತ್ರ. ಹಿಂದಿನ ಬಾಗಿಲು ತೆಗೆದು, ಮೊಣಕೈವರೆಗೂ ಒಳಗೆ ಕೈ ಹಾಕಿ ವೈರು ಬಿಗಿಯುತ್ತಿದ್ದರು. ಪೆಟ್ಟಿಗೆಗೆ ಕೈ ಹಾಕುವ ಮೊದಲು ವಾಚು, ಫೋನು ತೆಗೆದಿಡುವುದು ಅವರ ಪದ್ಧತಿ. ಫೋನು ಬೈಕಿನ ಬ್ಯಾಗಿನಲ್ಲಿತ್ತು.

“ಮಂಡಿ ಆಫೀಸಿನ ಮೇನ್ ಸ್ವಿಚ್ಚೂ ಆಫ್ ಮಾಡಿದ್ರಲ್ಲ?” ಎಂದೆ, ಧೈರ್ಯಕ್ಕೆ.

“ಮಾಡಿ ಚೀಟಿ ಅಂಟಿಸಿದ್ದೆ. ಕೆಲಸ ಮುಗಿಸಿ ಹಾಕೋಕೆ ಹೋದ್ರೆ ಯಾರೋ ಆಗಲೇ ಆನ್ ಮಾಡಿದಾರೆ.” ಆಮೇಲೆ ಅವರೇ ಅಂದರು, “ಪರವಾಲೇದಮ್ಮಾ. ನೀನಿದ್ಯಲ್ಲ.”

ಮೇಡಂ ಹೋಗಿ ಅಮ್ಮ ಆಗಿದ್ದೆ. ಫೋನ್ ಇಟ್ಟು ಅತ್ತೆ.

ದೂರದಿಂದ ಕರೆಂಟ್ ಕೊಡುವವರಿಗೆ ಆ ಕಡೆ ಇರುವ ಕೈ ಕಾಣುವುದಿಲ್ಲ. ನನ್ನ ಡಿಗ್ರಿ ಕಲಿಸದ ಈ ಪಾಠವನ್ನು ಕಲಿಸಿದ್ದು ಚೌಡಪ್ಪ. ಈಗ ನಮ್ಮ ಸಾಫ್ಟ್‌ವೇರ್‌ನಲ್ಲೇ ಎಲ್‌ಸಿ ವಾಪಸ್ ಕಾಲಂ ಇದೆ. ಅದು ತುಂಬದೆ ಹಸಿರು ಬಟನ್ ಒತ್ತಲು ಬರುವುದಿಲ್ಲ. ಬಾಸ್ ಆಮೇಲೆ ತಾವೇ ನಿಂತು ಅದನ್ನು ಹಾಕಿಸಿದರು.

ಹೋದ ವರ್ಷ ಚೌಡಪ್ಪ ಕಣ್ಣು ಮಂಜಾಗಿದೆ ಎಂದು ಕೆಲಸ ಬಿಟ್ಟರು. ಕೊನೆಯ ದಿನ ಆಫೀಸಿಗೆ ಬಂದು ಕಾಫಿ ಕುಡಿದು, ಬಾಗಿಲವರೆಗೆ ಹೋದವರು ತಿರುಗಿ ನಿಂತು, “ನನ್ನ ಹೆಸರಲ್ಲಿ ಯಾವ ಎಲ್‌ಸಿನೂ ಉಳಿದಿಲ್ಲ ತಾನೆ? ನೋಡಿ ಹೇಳಮ್ಮಾ” ಅಂದರು.

ಇಲ್ಲವೆಂದು ಗೊತ್ತಿತ್ತು. ಆದರೂ ಹಳೆಯ ನೋಟ್‌ಬುಕ್ ತೆಗೆದು, ಮೊದಲ ಪುಟದಿಂದ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ನೋಡಿದೆ. ಅವರು ನಿಂತೇ ಇದ್ದರು.

“ಎಲ್ಲಾ ವಾಪಸ್ ಬಂದಿದೆ ಚೌಡಪ್ಪನವರೇ” ಎಂದೆ. ಆಮೇಲೆ ಚಪ್ಪಲಿ ಮೆಟ್ಟಿಕೊಂಡರು.