ನೇರಳೆ ಉರಿಯ ಟ್ವೀಟರ್

ಚಿಂತಾಮಣಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನಾನು ರೇಡಿಯೋ ರಿಪೇರಿ ಅಂಗಡಿ ಇಟ್ಟು ಎರಡು ವರ್ಷವಾಗಿತ್ತು. ಒಂದು ಕಡೆ ಕೂತು ಕೆಲಸ ಮಾಡುವ ಜಾಯಮಾನ ನನ್ನದಲ್ಲ. ಒಂದು ಸೆಟ್ಟಿನ ವಾಲ್ವು ಬಿಚ್ಚಿಟ್ಟು ಇನ್ನೊಂದಕ್ಕೆ ಕೈ ಹಾಕುತ್ತಿದ್ದೆ, ಅದನ್ನೂ ಅರ್ಧಕ್ಕೆ ಬಿಟ್ಟು ಬೀದಿಗೆ ಬಂದು ನಿಲ್ಲುತ್ತಿದ್ದೆ. ಗೌರಿಬಿದನೂರಿನಲ್ಲಿ ಅಂಗಡಿ ಹಾಕಿದರೆ ಹೇಗೆ, ಬೆಂಗಳೂರಿಗೇ ಹೋಗಿಬಿಟ್ಟರೆ ಹೇಗೆ ಎಂದು ದಿನಕ್ಕೊಂದು ಯೋಚನೆ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಂಥ ಒಂದು ದಿನ ನಂದಿಯಿಂದ ನನಗೆ ಕರೆ ಬಂತು.

ಕರೆಸಿದವರು ನಿವೃತ್ತ ಎಂಜಿನಿಯರು. ಹೊರದೇಶದಲ್ಲಿ ಕೆಲವು ವರ್ಷ ಇದ್ದು ಬಂದು, ಬೆಟ್ಟದ ಕೆಳಗೆ ದ್ರಾಕ್ಷಿ ತೋಟದ ಪಕ್ಕ ಮನೆ ಕಟ್ಟಿಸಿಕೊಂಡಿದ್ದರು. ಹಜಾರದ ಮೂಲೆಯಲ್ಲಿ ಬೀರುವಿನಷ್ಟು ದೊಡ್ಡ ಸ್ಪೀಕರ್ ಪೆಟ್ಟಿಗೆ, ಅದರ ಮೇಲೆ ಇನ್ನೊಂದು ಪುಟ್ಟ ಪೆಟ್ಟಿಗೆ. ಪುಟ್ಟದರ ಮುಂದೆ ಕಹಳೆಯ ಬಾಯಿಯಂಥದ್ದು. ಸ್ವಿಚ್ ಹಾಕಿದರು. ಕಹಳೆಯ ಒಳಗೆ, ಕಿರುಬೆರಳಿನ ಗಾತ್ರದ ಗಾಜಿನಂಥ ನಳಿಗೆಯಲ್ಲಿ ನೇರಳೆ ಬಣ್ಣದ ಸಣ್ಣ ಉರಿ ಹತ್ತಿಕೊಂಡಿತು.

"ಇದಕ್ಕೆ ಕಾಗದ ಇಲ್ಲ, ಪರದೆ ಇಲ್ಲ ಕಣಯ್ಯಾ. ಕರೆಂಟಿಗೆ ಉರಿಯೇ ನಡುಗ್ತದೆ, ಗಾಳಿ ಹಾಡ್ತದೆ. ತೀರಾ ಮೇಲಿನ ಸ್ವರ ಮಾತ್ರ ಇದರದ್ದು, ಟ್ವೀಟರ್ ಅಂತಾರೆ. ಆರು ತಿಂಗಳಿಂದ ಮಂಕಾಗಿದೆ. ಕೇಳು ನೀನೇ."

ಜಲತರಂಗದ ಪ್ಲೇಟು ಹಾಕಿದರು. ನಾನು ಬೆರಗಾದೆ. ಬಟ್ಟಲಿಗೆ ಕಡ್ಡಿ ತಾಗುವುದೂ, ನೀರು ಅಲುಗುವುದೂ ಎದುರಿಗೇ ನಡೆದಂತಿತ್ತು. ಅಂಥ ದನಿಯನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಆದರೂ ಬಾಯಿ ಬಿಡಲಿಲ್ಲ. ಅಷ್ಟು ಓದಿದವರು ಕೆಟ್ಟಿದೆ ಅಂದರೆ ಕೆಟ್ಟೇ ಇರಬೇಕು, ಸರಿಯಿದ್ದಾಗ ಇನ್ನೂ ಹೇಗಿತ್ತೋ ಎಂದುಕೊಂಡೆ.

"ಅಂಗಡಿಗೆ ತಗೊಂಡು ಹೋಗಿ ನೋಡ್ತೀನಿ ಸಾರ್" ಅಂದೆ. ಪುಟ್ಟ ಪೆಟ್ಟಿಗೆಯನ್ನು ಹಳೆಯ ಕಂಬಳಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ.

ವಾಲ್ವು ಬದಲಾಯಿಸಿದೆ. ಬೆಸುಗೆಗಳನ್ನೆಲ್ಲ ಮತ್ತೆ ಹಾಕಿದೆ. ಏನು ಮಾಡಿದರೂ ದನಿ ಮೊದಲಿದ್ದ ಹಾಗೇ ಇತ್ತು. ಮೂರನೆಯ ದಿನ ಪಕ್ಕದ ಹೋಟೆಲಿನ ಮಾಲೀಕ ಹೆಗಲ ಮೇಲಿನ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದ.

"ಏಮಯ್ಯಾ, ನೀನು ಅದನ್ನ ಹಚ್ಚಿದ್ರೆ ಸಾಕು, ನನ್ನ ರೇಡಿಯೋ ಗೊರಗೊರ ಅಂತದೆ. ಗಿರಾಕಿಗಳು ಎದ್ದು ಹೋಗ್ತಾವ್ರೆ."

ಅವನು ಹೇಳಿದ್ದು ನಿಜ. ಉರಿ ಹೊತ್ತಿಸುವ ಕರೆಂಟು ಅಕ್ಕಪಕ್ಕದ ರೇಡಿಯೋಗಳನ್ನೆಲ್ಲ ಕೆಡಿಸುತ್ತಿತ್ತು. ಬೇರೆ ದಾರಿ ಕಾಣದೆ ಪೆಟ್ಟಿಗೆಯನ್ನು ಶಿಡ್ಲಘಟ್ಟದ ನಮ್ಮ ಮನೆಗೆ ಒಯ್ದೆ. ಜೊತೆಗೆ ನನ್ನ ಆಸಿಲೇಟರನ್ನೂ ತೆಗೆದುಕೊಂಡೆ. ಅದು ತಿರುಪು ತಿರುಗಿಸಿದ ಹಾಗೆ ತಗ್ಗಿನಿಂದ ಮೇಲಕ್ಕೆ ಒಂದೇ ಎಳೆಯ ಸ್ವರ ಹೊರಡಿಸುವ ಯಂತ್ರ.

ಮನೆ ತುಂಬ ರೇಷ್ಮೆ ಹುಳುವಿನ ತಟ್ಟೆಗಳಿದ್ದವು. ಉರಿ ಹತ್ತಿ ಐದು ನಿಮಿಷವಾಗಿರಲಿಲ್ಲ, ಅಮ್ಮ ಮೂಗು ಮುಚ್ಚಿಕೊಂಡು ಬಂದರು. ಸಿಡಿಲು ಬಿದ್ದಾಗ ಬರುವಂಥ ವಾಸನೆ ಅದರದು.

"ಹುಳಕ್ಕೆ ಈ ವಾಸನೆ ಆಗಲ್ಲ ಕಣೋ. ನಾಲ್ಕನೇ ಜ್ವರ ಕಳೆದು, ಪೊರೆ ಬಿಟ್ಟು ಈಗ ಎದ್ದವೆ. ಎತ್ತಿಕ್ಕು ಆಚೆಗೆ."

ಹಿತ್ತಿಲ ಜಗುಲಿಗೆ ಸಾಗಿಸಿದೆ. ಅಮ್ಮ ಪಕ್ಕದಲ್ಲೇ ಕೂತು ಸೊಪ್ಪು ಹೆಚ್ಚುತ್ತಿದ್ದರು. ತಂಗಿ ದೂರದ ಬಾವಿಕಟ್ಟೆಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು. ನಾನು ತಿರುಪು ತಿರುಗಿಸುತ್ತ ಸ್ವರವನ್ನು ಮೇಲೇರಿಸಿದೆ. ತಂಗಿ ಒದ್ದೆ ಕೈಯಲ್ಲೇ ಕಿವಿ ಮುಚ್ಚಿಕೊಂಡಳು.

"ಅಣ್ಣ, ಏನದು, ಕಿವಿ ಚುಚ್ತದೆ."

ಅಮ್ಮ ತಲೆ ಎತ್ತಿದರು. "ಎಲ್ಲಿ? ಏನೂ ಇಲ್ವಲ್ಲೇ."

ಅಮ್ಮ ಕೂತಿದ್ದುದು ಉರಿಗೆ ಒಂದು ಮಾರು ದೂರದಲ್ಲಿ. ನಾನು ಮತ್ತೆ ಮತ್ತೆ ತಿರುಗಿಸಿ ನೋಡಿದೆ. ಪ್ರತಿಸಲವೂ ತಂಗಿ ಬೈದಳು, ಅಮ್ಮ ಸೊಪ್ಪು ಹೆಚ್ಚುತ್ತಲೇ ಇದ್ದರು. ಪೆಟ್ಟಿಗೆಯಲ್ಲಿ ದೋಷವೇ ಇಲ್ಲವೆಂದು ನನಗೆ ಗೊತ್ತಾದದ್ದು ಹಾಗೆ. ವಯಸ್ಸಾದಂತೆ ಕಿವಿಗೆ ಮೊದಲು ತಪ್ಪುವುದು ಆ ಮೇಲಿನ ಸ್ವರವೇ. ಎಂಜಿನಿಯರಿಗೆ ಅಮ್ಮನಿಗಿಂತ ಹತ್ತು ವರ್ಷವಾದರೂ ಹೆಚ್ಚಾಗಿತ್ತು.

ಗೊತ್ತಾಯಿತೆಂದು ನೆಮ್ಮದಿಯೇನೂ ಆಗಲಿಲ್ಲ. ಹೋಗಿ ಏನೆಂದು ಹೇಳುವುದು? ನಿಮ್ಮ ಕಿವಿ ಹೋಗಿದೆ ಸಾರ್ ಅನ್ನುವುದೇ? ಪೆಟ್ಟಿಗೆಯನ್ನು ಅಂಗಡಿಗೆ ತಂದಿಟ್ಟು ಮೂರು ವಾರ ಅದರತ್ತ ನೋಡಲಿಲ್ಲ. ಒಂದು ದಿನ ಬೀಗ ಹಾಕಿ, ಖಾಲಿ ಮಳಿಗೆ ನೋಡುವ ನೆಪದಲ್ಲಿ ಗೌರಿಬಿದನೂರಿನ ಬಸ್ಸು ಹತ್ತಿದೆ. ಹೋದವನು ಮಳಿಗೆಯ ಬೀದಿಗೂ ಹೋಗದೆ, ನಿಲ್ದಾಣದಲ್ಲೇ ಎರಡು ಲೋಟ ಟೀ ಕುಡಿದು ವಾಪಸಾದೆ. ಇನ್ನೊಂದು ದಿನ ಚಿಕ್ಕಬಳ್ಳಾಪುರದವರೆಗೆ ಹೋಗಿ, ನಂದಿಯ ಬಸ್ಸು ಎದುರಿಗೆ ನಿಂತಿದ್ದರೂ ಹತ್ತಲಿಲ್ಲ. ಉರಿಯನ್ನು ಕೊಂಚ ಜೋರು ಮಾಡಿ, ಸರಿಹೋಯ್ತು ಎಂದು ಸುಳ್ಳು ಹೇಳಿಬಿಡೋಣ ಅನ್ನಿಸಿತ್ತು. ಹಾಗೆ ಮಾಡಿದರೂ ಅವರಿಗೆ ಕೇಳಿಸುವಂತಿರಲಿಲ್ಲ.

ಕೊನೆಗೆ ಅವರೇ ಬಂದರು. ಬೆಳಗಿನ ಬಸ್ಸಿಳಿದು, ಕೊಡೆ ಮಡಿಸಿ ಬೆಂಚಿನ ಮೇಲೆ ಕೂತು, "ಏನಾಯ್ತಪ್ಪಾ?" ಎಂದರು.

"ಪೆಟ್ಟಿಗೇಲಿ ಏನೂ ಕೆಟ್ಟಿಲ್ಲ ಸಾರ್."

"ಹಂಗಂದ್ರೆ?"

ಹೋಟೆಲಿನವನಿಗೆ ಹೇಳಿ ಕಾಲುಗಂಟೆ ರೇಡಿಯೋ ನಿಲ್ಲಿಸಿದೆ. ಉರಿ ಹೊತ್ತಿಸಿ ಆಸಿಲೇಟರ್ ಜೋಡಿಸಿದೆ. "ಕೇಳಿಸಿದಷ್ಟು ಹೊತ್ತು ಬೆರಳು ಎತ್ತಿ ಹಿಡೀರಿ ಸಾರ್" ಅಂದೆ.

ಅವರು ತೋರುಬೆರಳು ಎತ್ತಿದರು. ನಾನು ನಿಧಾನವಾಗಿ ತಿರುಗಿಸಿದೆ. ಅರ್ಧ ದಾರಿಗೇ ಬೆರಳು ಇಳಿಯಿತು. ನಾನು ತಿರುಗಿಸುವುದನ್ನು ನಿಲ್ಲಿಸಲಿಲ್ಲ. ಅವರು ಪೆಟ್ಟಿಗೆ ಬಿಟ್ಟು ನನ್ನ ಮುಖ ನೋಡುತ್ತಿದ್ದರು.

"ನಿನಗೆ ಕೇಳಿಸ್ತಿದೆಯಾ?"

"ಹೂಂ ಸಾರ್."

"ಈಗ?"

"ಈಗಲೂ ಸಾರ್."

ಅವರು ಗೋಡೆಯ ಕಡೆ ತಿರುಗಿ ನಿಂತು, ಇನ್ನೊಂದು ಸಲ ಮಾಡು ಎಂದರು. ಬೆರಳು ಅಲ್ಲಿಗೇ ಇಳಿಯಿತು. ಮೂರನೆಯ ಸಲವೂ ಅಷ್ಟೆ. ಆಮೇಲೆ ಬೆಂಚಿಗೆ ಬಂದು ಕೂತು ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು.

"ತೋಟದಲ್ಲಿ ಜೀರುಂಡೆ ಕೂಗ್ತಿದೆ ಅಂತಾಳೆ ನಮ್ಮನೆಯವಳು. ಈ ವರ್ಷ ಜೀರುಂಡೆನೇ ಇಲ್ಲ, ನಿನಗೆ ಭ್ರಮೆ ಅಂತ ಅವಳ ಹತ್ರ ಜಗಳ ಆಡಿದೀನಿ."

ನಾನು ಆಸಿಲೇಟರಿನ ತಂತಿ ಬಿಚ್ಚಿ ಉರಿ ಆರಿಸಿದೆ.

"ಯಾವಾಗ ಗೊತ್ತಾಯ್ತು ನಿನಗೆ?"

"ಮೂರು ವಾರ ಆಯ್ತು ಸಾರ್."

"ಬಂದು ಹೇಳ್ಬಾರ್ದಾಗಿತ್ತಾ?" ದನಿಯಲ್ಲಿ ಸಿಟ್ಟಿತ್ತು. ಆಮೇಲೆ ಅದು ಇಳಿಯಿತು. "ನಾನಾದ್ರೂ ಹೇಳ್ತಿರಲಿಲ್ಲ ಬಿಡು. ಕಂಬಳಿ ಸುತ್ತು, ಹೋಗಣ."

ಅಂದೇ ಜೊತೆಯಲ್ಲಿ ಹೋಗಿ ಪೆಟ್ಟಿಗೆಯನ್ನು ಅದರ ಜಾಗದಲ್ಲಿ ಕೂರಿಸಿದೆ. ಅವರು ಹೆಂಡತಿಯನ್ನು ಕರೆದು ಕುರ್ಚಿಯಲ್ಲಿ ಕೂರಿಸಿ, ಜಲತರಂಗ ಹಾಕಿ, "ಹೆಂಗಿದೆ ಹೇಳು" ಎಂದರು. ಆಕೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಪ್ಲೇಟು ಮುಗಿಯುವವರೆಗೂ ಕೇಳಿದರು. "ಗಾಜಿನ ಬಳೆ ಹಂಗೆ" ಅಂದರು. ಎಂಜಿನಿಯರು ತಲೆಯಾಡಿಸಿ, ಅದೇ ಪ್ಲೇಟನ್ನು ಮತ್ತೆ ಮೊದಲಿನಿಂದ ಇಟ್ಟರು.

ಆಮೇಲೆ ಎಷ್ಟೋ ತಿಂಗಳು, ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ನಾನು ಆಸಿಲೇಟರಿನ ತಿರುಪು ತಿರುಗಿಸಿ ನನ್ನ ಕಿವಿಯನ್ನೇ ಪರೀಕ್ಷಿಸಿಕೊಳ್ಳುತ್ತಿದ್ದೆ. ಇಪ್ಪತ್ತಾರು ವರ್ಷದವನಿಗೆ ಬೇಡದ ಭಯ ಅದು. ಎರಡು ವರ್ಷ ಕಳೆದ ಮೇಲೆ ಅಂತೂ ಗೌರಿಬಿದನೂರಿಗೇ ಅಂಗಡಿ ಬದಲಾಯಿಸಿದೆ. ಅಲ್ಲಿಯೂ ಕಾಲು ನಿಲ್ಲಲಿಲ್ಲ, ಆ ಮಾತು ಬೇರೆ.

ಒಮ್ಮೆ ಆ ಎಂಜಿನಿಯರು ಚಿಕ್ಕಬಳ್ಳಾಪುರದ ನಿಲ್ದಾಣದಲ್ಲಿ ಸಿಕ್ಕಿದರು. ನಳಿಗೆ ಸವೆದು ಉರಿ ಹತ್ತುವುದು ನಿಂತುಹೋಯಿತು ಎಂದರು.

"ಹೊರದೇಶಕ್ಕೆ ಬರೆದು ಹೊಸದು ತರಿಸಬಹುದು ಸಾರ್. ಅಮ್ಮಾವ್ರು ಕೇಳ್ತಾರಲ್ಲ."

"ಅವಳಿಗೆ ಆ ವಾಸನೆಗೆ ತಲೆ ಸಿಡೀತಿತ್ತಂತೆ ಕಣಯ್ಯಾ. ನನಗೋಸ್ಕರ ಕೂತಿರ್ತಿದ್ಲು. ಮೊನ್ನೆ ಹೇಳಿದ್ಲು."

ಅಷ್ಟರಲ್ಲಿ ಅವರ ಬಸ್ಸು ಬಂತು. ಅವರು ಕೊಡೆ ಹಿಡಿದು ಜನರ ನಡುವೆ ನುಗ್ಗಿ ಹತ್ತಿಕೊಂಡರು.